ಪುತ್ತೂರಿನ ತೇರು, ಸುಬ್ರಹ್ಮಣ್ಯದ ತೇರು: ವರ್ಷವೆಂದರೆ ಎಷ್ಟು ದಿನ?

ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ಜಾತ್ರೆ ಎಂದು ಎಂದು ಆ ಊರಿನವರು ಯಾರೂ ಪಂಚಾಂಗ ನೋಡುವುದಿಲ್ಲ. ಏಪ್ರಿಲ್ 10ಕ್ಕೆ ಕೊಡಿಯೇರುತ್ತದೆ, 17ಕ್ಕೆ ಬ್ರಹ್ಮರಥೋತ್ಸವ. ನಡುವೆ ಬಿಸು ಹಬ್ಬ ಬರುತ್ತದೆ. ಕೊನೆಗೆ ದೇವರು ವೀರಮಂಗಲಕ್ಕೆ ಹೋಗಿ ಕುಮಾರಧಾರೆಯಲ್ಲಿ ಅವಭೃಥ ಮುಗಿಸಿ ಬರುತ್ತಾನೆ. ಅದೇ ಕುಮಾರಧಾರೆಯ ಮೇಲ್ದಂಡೆಯಲ್ಲಿ, ಈಗ ಕಡಬ ತಾಲ್ಲೂಕಿಗೆ ಸೇರಿರುವ ಸುಬ್ರಹ್ಮಣ್ಯದಲ್ಲಿ ಲೆಕ್ಕವೇ ಬೇರೆ. ಅಲ್ಲಿನ ಚಂಪಾಷಷ್ಠಿ 2022ರಲ್ಲಿ ನವೆಂಬರ್ 29ಕ್ಕೆ ಬಂತು. ಮರುವರ್ಷ ಡಿಸೆಂಬರ್ 18ಕ್ಕೆ ಹೋಯಿತು. 2024ರಲ್ಲಿ ಡಿಸೆಂಬರ್ 7ಕ್ಕೆ ಹಿಂದೆ ಸರಿದು, 2025ರಲ್ಲಿ ನವೆಂಬರ್ 26ಕ್ಕೆ ಬಂದು ನಿಂತಿತು.

ಒಂದೇ ಹೊಳೆಯ ದಂಡೆಯ ಎರಡು ತೇರುಗಳಲ್ಲಿ ಒಂದು ತಾರೀಕು ಬಿಡುವುದಿಲ್ಲ, ಇನ್ನೊಂದು ತಾರೀಕಿಗೆ ಸಿಕ್ಕುವುದಿಲ್ಲ. ಇದು ಪುರೋಹಿತರ ಇಷ್ಟಾನಿಷ್ಟದ ಮಾತಲ್ಲ. ‘ವರ್ಷ’ ಎಂಬ ಒಂದೇ ಶಬ್ದಕ್ಕೆ ಆಕಾಶದಲ್ಲಿ ಒಂದಕ್ಕಿಂತ ಹೆಚ್ಚು ಅರ್ಥಗಳಿರುವುದೇ ಇದಕ್ಕೆ ಕಾರಣ.

ಚಂಪಾಷಷ್ಠಿ ಚಾಂದ್ರಮಾನದ ಹಬ್ಬ. ಮಾರ್ಗಶಿರ ಶುದ್ಧ ಷಷ್ಠಿಯಂದು ನಡೆಯುತ್ತದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಹನ್ನೆರಡು ತಿಂಗಳಿಗೆ 354 ದಿನ, ಮೇಲೆ ಎಂಟೊಂಬತ್ತು ಗಂಟೆ. ಸೂರ್ಯನ ವರ್ಷಕ್ಕಿಂತ ಇದು ಸುಮಾರು 11 ದಿನ ಚಿಕ್ಕದು. ಹೀಗೇ ಬಿಟ್ಟರೆ ಮೂವತ್ತಮೂರು ವರ್ಷಗಳಲ್ಲಿ ಪ್ರತಿ ಹಬ್ಬವೂ ಎಲ್ಲ ಋತುಗಳನ್ನು ಸುತ್ತಿ ಬರಬೇಕು. ಅದನ್ನು ತಡೆಯಲು ಪಂಚಾಂಗದಲ್ಲಿ ಒಂದು ನಿಯಮವಿದೆ. ಯಾವ ಚಾಂದ್ರಮಾಸದಲ್ಲಿ ಸೂರ್ಯ ಹೊಸ ರಾಶಿಗೆ ಕಾಲಿಡುವುದಿಲ್ಲವೋ ಅದು ಅಧಿಕ ಮಾಸ. ಹತ್ತೊಂಬತ್ತು ವರ್ಷಗಳಲ್ಲಿ ಇಂಥವು ಸಾಮಾನ್ಯವಾಗಿ ಏಳು ಬರುತ್ತವೆ. 2023ರಲ್ಲಿ ಶ್ರಾವಣ ಎರಡು ಬಾರಿ ಬಂದದ್ದರಿಂದಲೇ ಆ ವರ್ಷದ ಷಷ್ಠಿ ಹತ್ತೊಂಬತ್ತು ದಿನ ಮುಂದೆ ಹೋಯಿತು.

ಅಂದರೆ ಚಂದ್ರನ ಲೆಕ್ಕಕ್ಕೂ ಕೊನೆಗೆ ಸೂರ್ಯನೇ ಯಜಮಾನ. ಹಾಗಾದರೆ ಸೂರ್ಯನ ವರ್ಷ ಎಷ್ಟು ದಿನದ್ದು? ಅದನ್ನು ಅಳೆಯಲು ದೂರದರ್ಶಕ ಬೇಕಿಲ್ಲ, ಅಡಿಕೆ ಹರಡುವ ಅಂಗಳ ಸಾಕು.

ಅಂಗಳದ ನಡುವೆ ಹತ್ತು ಅಡಿ ಎತ್ತರದ ಕಂಬವೊಂದನ್ನು ನೆಟ್ಟಗೆ ನಿಲ್ಲಿಸಿದ್ದಾರೆ ಎಂದುಕೊಳ್ಳೋಣ. ಪುತ್ತೂರು, ಸುಳ್ಯದ ಕಡೆ ಸೂರ್ಯ ನಡುನೆತ್ತಿಗೆ ಬರುವುದು ಗಡಿಯಾರದ ಹನ್ನೆರಡೂವರೆಯ ಆಸುಪಾಸಿನಲ್ಲಿ. ಡಿಸೆಂಬರ್ 21, 22ರ ಹೊತ್ತಿಗೆ ಆ ಗಳಿಗೆಯ ನೆರಳು ಉತ್ತರಕ್ಕೆ ಏಳೂಕಾಲು ಅಡಿ ಚಾಚಿರುತ್ತದೆ. ಅಲ್ಲಿಂದ ಅದು ದಿನದಿನಕ್ಕೆ ಮೋಟಾಗುತ್ತ ಬಂದು, ಹಗಲು ರಾತ್ರಿ ಸಮವಾಗುವ ಮಾರ್ಚ್ 20, 21ಕ್ಕೆ ಎರಡೂಕಾಲು ಅಡಿಗೆ ಇಳಿಯುತ್ತದೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೇರ ತಲೆಯ ಮೇಲಿರುವುದರಿಂದ ನೆರಳೇ ಇಲ್ಲ. ಅನಂತರ ನೆರಳು ದಕ್ಷಿಣಕ್ಕೆ ಹೊರಳುತ್ತದೆ. ಆದರೆ ಕಾರ್ತೆಲ್, ಆಟಿಯ ಮಳೆಮೋಡ ಅದನ್ನು ಕಾಣಗೊಡುವುದು ಅಪರೂಪ.

ನೆರಳು ಅದೇ ಗುರುತಿಗೆ ಅದೇ ದಿಕ್ಕಿನಿಂದ ಮರಳಿ ಬರುವವರೆಗಿನ ಕಾಲವೇ ಸಾಯನ ವರ್ಷ. ಋತುಗಳ ವರ್ಷವೆಂದರೂ ಸರಿ. ಡಿಸೆಂಬರಿನ ಉದ್ದನೆಯ ನೆರಳನ್ನು ನಂಬಿ ಎಣಿಸಿದರೆ ಮೋಸ ಹೋಗುತ್ತೇವೆ; ಆಗ ಹಲವು ದಿನ ನೆರಳು ಕದಲಿದಂತೆಯೇ ಕಾಣುವುದಿಲ್ಲ. ಮಾರ್ಚಿನಲ್ಲಾದರೆ ಅದು ದಿನಕ್ಕೆ ಮುಕ್ಕಾಲು ಇಂಚಿಗೂ ಹೆಚ್ಚು ಸರಿಯುತ್ತದೆ, ಆದ್ದರಿಂದ ದಿನ ಹಿಡಿಯುವುದು ಸುಲಭ. ಹಾಗೆ ಹಿಡಿದರೂ ಒಂದು ದಿನ ತಪ್ಪಬಹುದು. ಆದರೆ ನೂರು ವರ್ಷಗಳ ಅಂತರದಲ್ಲಿ ಎರಡು ಬಾರಿ ಅಳೆದು, ನಡುವಿನ ದಿನಗಳನ್ನು ನೂರರಿಂದ ಭಾಗಿಸಿದರೆ ಒಂದು ದಿನದ ತಪ್ಪು ವರ್ಷಕ್ಕೆ ಹದಿನಾಲ್ಕು ನಿಮಿಷಕ್ಕೆ ಇಳಿಯುತ್ತದೆ. ಹಳಬರು ಗಡಿಯಾರವಿಲ್ಲದೆ ವರ್ಷವನ್ನು ಇಷ್ಟು ನಿಖರವಾಗಿ ಹೇಗೆ ಅಳೆದರು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಅವರಿಗೆ ಬೇಕಾದದ್ದು ಸೂಕ್ಷ್ಮ ಯಂತ್ರವಲ್ಲ, ತಲೆಮಾರುಗಳ ಲೆಕ್ಕದ ಪುಸ್ತಕ. ಇಂದಿನ ಅಳತೆಯಲ್ಲಿ ಸಾಯನ ವರ್ಷ 365 ದಿನ, 5 ಗಂಟೆ, 48 ನಿಮಿಷ, 45 ಸೆಕೆಂಡು.

ಇನ್ನೊಂದು ದಾರಿ ನಕ್ಷತ್ರಗಳದ್ದು. ಪುತ್ತೂರು ಜಾತ್ರೆಯ ದಿನಗಳಲ್ಲಿ ಮಧ್ಯರಾತ್ರಿ ಕಳೆದು ಅರ್ಧ ಗಂಟೆಯ ಹೊತ್ತಿಗೆ ದೇವಸ್ಥಾನದೆದುರಿನ ಗದ್ದೆಯಲ್ಲಿ ನಿಂತು ದಕ್ಷಿಣಕ್ಕೆ ಕತ್ತೆತ್ತಿದರೆ ಬೆಳ್ಳಗೆ ಹೊಳೆಯುವ ಚಿತ್ರಾ ನಕ್ಷತ್ರ ಕಾಣುತ್ತದೆ. ಆಗ ಸೂರ್ಯ ಚಿತ್ರೆಗೆ ಸರಿಯಾಗಿ ಎದುರು, ಭೂಮಿಯ ಆಚೆ ಬದಿಗಿರುತ್ತಾನೆ. ಸೂರ್ಯ ನಕ್ಷತ್ರಗಳ ನಡುವಿನ ಅದೇ ಜಾಗಕ್ಕೆ ಮರಳಲು ಬೇಕಾದ ಕಾಲ ನಿರಯನ ವರ್ಷ: 365 ದಿನ, 6 ಗಂಟೆ, 9 ನಿಮಿಷ, 10 ಸೆಕೆಂಡು. ಮೇಷ ಸಂಕ್ರಮಣ ಈ ವರ್ಷದ್ದು. ಬಿಸುವಿನಿಂದ ಶುರುವಾಗುವ ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಮುಂತಾದ ತುಳು ತಿಂಗಳುಗಳೂ ಈ ವರ್ಷದ್ದೇ. ಈ ತಿಂಗಳುಗಳು ಸಮವಾಗಿಲ್ಲ. ಕಾರ್ತೆಲಿಗೆ 31 ಅಥವಾ 32 ದಿನವಾದರೆ ಪೆರಾರ್ದೆಗೆ 29 ದಿನವೂ ಸಾಕಾಗುವುದುಂಟು. ಜನವರಿಯ ಆರಂಭದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬಂದು ವೇಗವಾಗಿ ಓಡುವುದರಿಂದ ಆ ಸುತ್ತಿನ ತಿಂಗಳುಗಳು ಬೇಗ ಮುಗಿಯುತ್ತವೆ.

ಎರಡೂ ಸೂರ್ಯನ ವರ್ಷಗಳೇ. ಆದರೂ ನಿರಯನ ವರ್ಷ 20 ನಿಮಿಷ 25 ಸೆಕೆಂಡು ಉದ್ದ. ಇದೇಕೆ? ತಿರುಗುವ ಬುಗುರಿಯ ತಲೆ ನಿಧಾನವಾಗಿ ಓಲಾಡುವಂತೆ ಭೂಮಿಯ ಅಕ್ಷವೂ ಸುಮಾರು 26,000 ವರ್ಷಗಳಿಗೊಂದು ಸುತ್ತು ಓಲಾಡುತ್ತದೆ. ಅದರಿಂದ ಹಗಲಿರುಳು ಸಮವಾಗುವ ಬಿಂದು ನಕ್ಷತ್ರಗಳ ನಡುವೆ ವರ್ಷಕ್ಕೆ ಇಷ್ಟಿಷ್ಟೇ ಹಿಂದೆ ಜಾರುತ್ತದೆ. ಸೂರ್ಯ ಮೊದಲು ಆ ಬಿಂದುವನ್ನು ಮುಟ್ಟಿ, ಇಪ್ಪತ್ತು ನಿಮಿಷ ತಡವಾಗಿ ಹಳೆಯ ನಕ್ಷತ್ರವನ್ನು ಮುಟ್ಟುತ್ತಾನೆ. ಸುಮಾರು 71 ವರ್ಷಗಳಲ್ಲಿ ಈ ಇಪ್ಪತ್ತು ನಿಮಿಷಗಳು ಕೂಡಿ ಒಂದು ದಿನವಾಗುತ್ತವೆ.

ಈ ಜಾರುವಿಕೆಗೆ ಬಿಸುವಿನ ಹೆಸರೇ ಸಾಕ್ಷಿ. ಬಿಸು, ಕೇರಳದ ವಿಷು, ಎರಡರ ಮೂಲವೂ ವಿಷುವ. ಹಗಲಿರುಳು ಸಮನಾದ ದಿನ. ಚಿತ್ರೆಯನ್ನು ಗುರುತಾಗಿಟ್ಟುಕೊಂಡ ಲೆಕ್ಕದ ಪ್ರಕಾರ ಕ್ರಿ.ಶ. 285ರ ಸುಮಾರಿಗೆ ವಿಷುವ ದಿನ ಮತ್ತು ಮೇಷ ಸಂಕ್ರಮಣ ಒಂದೇ ಆಗಿದ್ದವು. ಈಗ ವಿಷುವ ಮಾರ್ಚ್ 20, 21ಕ್ಕೆ, ಬಿಸು ಏಪ್ರಿಲ್ 14 ಅಥವಾ 15ಕ್ಕೆ. ಪುತ್ತೂರು, ಸುಳ್ಯದ ಮನೆಗಳಲ್ಲಿ ಅಕ್ಕಿ, ತೆಂಗಿನಕಾಯಿ, ಸೌತೆ, ಕನ್ನಡಿ ಇಟ್ಟು ಬಿಸುಕಣಿ ನೋಡುವ ಬೆಳಗ್ಗೆ ನಿಜವಾದ ವಿಷುವ ಕಳೆದು ಮೂರು ವಾರಕ್ಕೂ ಹೆಚ್ಚಾಗಿರುತ್ತದೆ.

ಆಗಿದ್ದರೆ ಏನು ನಷ್ಟ ಎಂದು ಕೇಳಬಹುದು. ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯನ್ನು ನೋಡಿದರೆ ತಿಳಿಯುತ್ತದೆ. ಮೇ 24ರ ಸುಮಾರಿಗೆ ಬರುವ ಈ ದಿನ ಕೋಲ, ಜಾತ್ರೆಗಳು ನಿಲ್ಲುತ್ತವೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಇನ್ನು ಮಳೆಗಾಲ, ಇನ್ನು ಬೇಸಾಯ ಎಂಬುದು ಅದರ ಅರ್ಥ. ಮುಂಗಾರು ವಾಡಿಕೆಯಂತೆ ಜೂನ್ 1ಕ್ಕೆ ಕೇರಳ ಮುಟ್ಟಿ, ಕೆಲವೇ ದಿನಗಳಲ್ಲಿ ಕರಾವಳಿಗೆ ಬರುತ್ತದೆ. ಆದರೆ ಮಳೆ ಕೇಳುವುದು ನೆರಳಿನ ವರ್ಷದ ಮಾತನ್ನು, ಪತ್ತನಾಜೆ ಕೇಳುವುದು ನಕ್ಷತ್ರದ ವರ್ಷದ ಮಾತನ್ನು. ಲೆಕ್ಕ ಹೀಗೆಯೇ ನಡೆದರೆ ಸಾವಿರ ವರ್ಷಗಳ ಮೇಲೆ ಪತ್ತನಾಜೆ ಜೂನ್ ಮೊದಲ ವಾರವನ್ನು ದಾಟುತ್ತದೆ. ಆಟದ ರಂಗಸ್ಥಳ ಮಳೆಯಲ್ಲಿ ನೆನೆಯುತ್ತದೆ.

ಇದೇ ಚಿಂತೆ ಸ್ವತಂತ್ರ ಭಾರತದ ಸರ್ಕಾರಕ್ಕೂ ಇತ್ತು. 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕವಾಯಿತು. 1955ರಲ್ಲಿ ವರದಿ ಬಂತು. ಅದರಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅದು ಸಾಯನ ವರ್ಷವನ್ನು ಹಿಡಿದದ್ದು. ವಿಷುವದ ಮರುದಿನ ಅದರ ಹೊಸ ವರ್ಷ. ಗೆಜೆಟ್ಟಿನ ತಲೆಬರಹದಲ್ಲಿ ಅದು ಉಳಿಯಿತು, ದೇವಸ್ಥಾನದ ಅಂಗಳಕ್ಕೆ ಬರಲಿಲ್ಲ. ಹಲವು ಪಂಚಾಂಗಗಳು ಸೂರ್ಯಸಿದ್ಧಾಂತದ 365 ದಿನ, 6 ಗಂಟೆ, 12 ನಿಮಿಷ, 36 ಸೆಕೆಂಡಿನ ವರ್ಷವನ್ನು ಬಿಟ್ಟಿಲ್ಲ. ನೂರಾರು ವರ್ಷಗಳ ಹಿಂದಿನ ಆ ಅಂಕಿ ಇಂದಿನ ನಿರಯನ ವರ್ಷಕ್ಕಿಂತ ಮೂರೂವರೆ ನಿಮಿಷವೂ ಹೆಚ್ಚಿಲ್ಲ ಎಂಬುದು ಸಾಮಾನ್ಯ ಸಾಧನೆಯಲ್ಲ.

ಹಾಗಾಗಿ ಯಾವ ವರ್ಷ ಸರಿ ಎಂಬ ಪ್ರಶ್ನೆಗೆ ಖಗೋಳಶಾಸ್ತ್ರ ತೀರ್ಪು ಕೊಡುವುದಿಲ್ಲ. ಚಂದ್ರನದು, ನೆರಳಿನದು, ನಕ್ಷತ್ರದ್ದು, ಎಲ್ಲವೂ ನಿಜವಾದ ಅಳತೆಗಳೇ. ಯಾವುದನ್ನು ಯಾವುದಕ್ಕೆ ಬಳಸಬೇಕು ಎಂಬುದು ಮನುಷ್ಯರ ತೀರ್ಮಾನ. ಏಪ್ರಿಲ್ 17 ಎಂಬ ತಾರೀಕು ನೆರಳಿನ ವರ್ಷಕ್ಕೆ ಕಟ್ಟಿದ್ದು, ಬಿಸು ನಕ್ಷತ್ರಕ್ಕೆ ಕಟ್ಟಿದ್ದು. ಇಂದು ಅವೆರಡರ ನಡುವೆ ಎರಡು ಮೂರು ದಿನಗಳ ಅಂತರವಿದೆ. ಸುಮಾರು ಇನ್ನೂರು ವರ್ಷಗಳಲ್ಲಿ ಬಿಸು ಬಂದು ಪುತ್ತೂರಿನ ತೇರಿನ ತಾರೀಕನ್ನು ಮುಟ್ಟುತ್ತದೆ, ಆಮೇಲೆ ಅದನ್ನು ದಾಟಿ ಹೋಗುತ್ತದೆ. ತೇರು ತಾರೀಕಿನ ಜೊತೆ ನಿಲ್ಲಬೇಕೋ, ಬಿಸುವಿನ ಹಿಂದೆ ಹೋಗಬೇಕೋ ಎಂಬುದನ್ನು ಅಂದಿನ ಊರವರು ಗದ್ದೆಯಲ್ಲಿ ಸೇರಿ ನಿರ್ಧರಿಸಬೇಕಾಗುತ್ತದೆ.