ಕಾಶಿಯಲ್ಲಿ ಪಿಎಚ್.ಡಿ.: ಐದು ದೊಡ್ಡದೋ, ಹತ್ತು ದೊಡ್ಡದೋ?

ಮದುವೆಮನೆಯ ಕಾಶಿಯಾತ್ರೆಯನ್ನು ನಾವೆಲ್ಲ ಕಂಡವರೇ. ಕೊಡೆ ಹಿಡಿದು, ಕೋಲು ಊರಿ, ವರಮಹಾಶಯ ವಿದ್ಯೆಗೆಂದು ಕಾಶಿಗೆ ಹೊರಡುತ್ತಾನೆ. ಹೆಣ್ಣಿನ ತಂದೆ ಅಡ್ಡ ನಿಂತು, ಸಮಾಧಾನ ಹೇಳಿ ವಾಪಸು ಕರೆತರುತ್ತಾರೆ. "ಕಾಶಿಯಲ್ಲಿ ಯಾವ ಗುರುಗಳ ಹತ್ತಿರ ಓದ್ತೀಯಪ್ಪಾ? ಖರ್ಚಿಗೆ ಏನು ಮಾಡ್ತೀಯ?" ಎಂದು ಯಾರೂ ಕೇಳುವುದಿಲ್ಲ. ಅದು ಶಾಸ್ತ್ರ, ಆದ್ದರಿಂದ ನಡೆಯುತ್ತದೆ. ನಿಜವಾಗಿಯೂ ಗಂಟುಮೂಟೆ ಕಟ್ಟುವವರು ಮಾತ್ರ ಈ ಎರಡು ಪ್ರಶ್ನೆಗಳನ್ನು ಕೇಳಿಯೇ ಹೊರಡಬೇಕು.

ನಮ್ಮ ಸಂಘದ ಬಿ.ಎಸ್‌ಸಿ., ಬಿ.ಸಿ.ಎ. ಮಿತ್ರರಲ್ಲಿ ಕೆಲವರಿಗೆ ಮುಂದೆ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುವ ಆಸೆಯಿದೆ. ಅವರ ಬಾಯಲ್ಲಿ ಮೊದಲು ಬರುವ ಮಾತು "ಆ ಸಂಸ್ಥೆಯ ರ‍್ಯಾಂಕ್ ಎಷ್ಟು?" ಎಂಬುದು. ಇದಕ್ಕೆ ಕಾರಣವೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮಂಥವರ ಮನೆಯಲ್ಲಿ ಪಿಎಚ್.ಡಿ. ಮಾಡಿದವರು ಇರುವುದು ಅಪರೂಪ. ವಿಚಾರಿಸೋಣವೆಂದರೆ ಯಾರೂ ಇಲ್ಲ. ಹಾಗಾಗಿ ಪಟ್ಟಿಯೇ ಗತಿ. ಕಾಮರ್ಸಿನವನಿಗೆ ಈ ಉಸಾಬರಿ ಯಾಕೆ ಎಂದು ನೀವು ನಗಬಹುದು. ರ‍್ಯಾಂಕ್ ಪಟ್ಟಿ ಎಂಬುದು ಒಂದು ಸೂಚ್ಯಂಕ; ಸೂಚ್ಯಂಕ ನಮ್ಮ ಸಂಖ್ಯಾಶಾಸ್ತ್ರದ ಪಾಠ. ಆ ಅಧಿಕಾರದಿಂದ ಬರೆಯುತ್ತಿದ್ದೇನೆ.

ಒಂದೇ ಆವರಣ, ಎರಡು ಪಟ್ಟಿ

ಕಾಶಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮದನ ಮೋಹನ ಮಾಳವೀಯರು 1916ರಲ್ಲಿ ಅಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಅದರ ಮೊದಲ ಕುಲಾಧಿಪತಿಗಳು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. ಬನಾರಸ್ಸಿನ ಇಂಜಿನಿಯರಿಂಗ್ ಕಾಲೇಜುಗಳು 1968ರಲ್ಲಿ ಒಂದುಗೂಡಿ ವಿಶ್ವವಿದ್ಯಾಲಯದ ತಾಂತ್ರಿಕ ಸಂಸ್ಥೆಯಾದವು. 2012ರಲ್ಲಿ ಆ ಸಂಸ್ಥೆ ಐಐಟಿ ಆಯಿತು. ಹೀಗಾಗಿ ಲಂಕಾ ಎಂಬ ಬಡಾವಣೆಯ ದೊಡ್ಡ ಹೆಬ್ಬಾಗಿಲು ದಾಟಿ ಒಳಗೆ ಹೋದರೆ ಕಂಪ್ಯೂಟರ್ ವಿಜ್ಞಾನಕ್ಕೆ ಎರಡು ಬೇರೆ ಬೇರೆ ವಿಭಾಗಗಳು. ಒಂದು ಐಐಟಿಯದು, ಇನ್ನೊಂದು ವಿಶ್ವವಿದ್ಯಾಲಯದ ವಿಜ್ಞಾನ ಸಂಸ್ಥೆಯದು. ಎರಡರಲ್ಲೂ ಪಿಎಚ್.ಡಿ. ಮಾಡಬಹುದು.

ಈಗ ಪಟ್ಟಿ ನೋಡಿ. ಕೇಂದ್ರ ಸರ್ಕಾರದ ಎನ್.ಐ.ಆರ್.ಎಫ್. ಎಂಬ ವ್ಯವಸ್ಥೆ 2016ರಿಂದ ನಮ್ಮ ದೇಶದ ಸಂಸ್ಥೆಗಳಿಗೆ ರ‍್ಯಾಂಕ್ ಕೊಡುತ್ತಿದೆ. 2024ರ ಪಟ್ಟಿಯಲ್ಲಿ ಬನಾರಸ್ ವಿಶ್ವವಿದ್ಯಾಲಯಕ್ಕೆ 5ನೇ ಸ್ಥಾನ, ಐಐಟಿಗೆ 10ನೇ ಸ್ಥಾನ. ಹಾಗಾದರೆ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗವೇ ಮೇಲೋ? ಹಾಗೆ ಹೇಳಲು ಬರುವುದಿಲ್ಲ. ಐದು ಬಂದಿರುವುದು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ, ಹತ್ತು ಬಂದಿರುವುದು ಇಂಜಿನಿಯರಿಂಗ್ ಪಟ್ಟಿಯಲ್ಲಿ. ಕಬಡ್ಡಿಯಲ್ಲಿ ಐದನೆಯವನು ಮೇಲೋ, ಓಟದಲ್ಲಿ ಹತ್ತನೆಯವನು ಮೇಲೋ ಎಂದು ಕೇಳಿದಂತಾಯಿತು. ಇನ್ನೊಂದು ಸ್ವಾರಸ್ಯ ಕೇಳಿ: ಆ ಇಂಜಿನಿಯರಿಂಗ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೂ ಬೆಂಗಳೂರಿನ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರು ಸಿಗುವುದಿಲ್ಲ. ಅದು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಕೂತಿದೆ!

ತೂಕ ಯಾರದು?

ಜೀವನವೆಚ್ಚದ ಸೂಚ್ಯಂಕ ಹೇಗೆ ಮಾಡ್ತಾರೆ? ಅಕ್ಕಿ, ಬೇಳೆ, ಸೀಮೆಎಣ್ಣೆ, ಬಾಡಿಗೆ, ಬಟ್ಟೆ, ಇವುಗಳಲ್ಲಿ ಒಂದೊಂದಕ್ಕೂ ಒಂದು ತೂಕ ಕೊಟ್ಟು, ಗುಣಿಸಿ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಕೂಲಿ ಮಾಡುವವನ ಮನೆಗೆ ಮಾಡಿದ ಸೂಚ್ಯಂಕ ಅಧಿಕಾರಿಯ ಮನೆಗೆ ಹೊಂದುವುದಿಲ್ಲ. ಇಬ್ಬರ ಚೀಲದಲ್ಲಿರುವ ಸಾಮಾನು ಬೇರೆ. ರ‍್ಯಾಂಕೂ ಹೀಗೆಯೇ. ಎನ್.ಐ.ಆರ್.ಎಫ್. 100 ಅಂಕಗಳನ್ನು ಹೀಗೆ ಹಂಚುತ್ತದೆ: ಬೋಧನೆ ಮತ್ತು ಸೌಲಭ್ಯಕ್ಕೆ 30, ಸಂಶೋಧನೆಗೆ 30, ವಿದ್ಯಾರ್ಥಿಗಳ ಫಲಿತಾಂಶಕ್ಕೆ 20, ಎಲ್ಲ ವರ್ಗದವರಿಗೂ ಅವಕಾಶವಿದೆಯೇ ಎಂಬುದಕ್ಕೆ 10, ಜನರ ಅಭಿಪ್ರಾಯಕ್ಕೆ 10.

ಫಲಿತಾಂಶದ 20 ಅಂಕವನ್ನು ಬಿಡಿಸಿ ನೋಡಿ. ಇಂಜಿನಿಯರಿಂಗ್ ಪಟ್ಟಿಯಲ್ಲಿ ಕೆಲಸ ಅಥವಾ ಉನ್ನತ ವ್ಯಾಸಂಗ ಸಿಕ್ಕಿದ್ದಕ್ಕೆ ಅದರ ಶೇಕಡಾ 40, ಸಂಬಳದ ಮಧ್ಯಾಂಕಕ್ಕೆ ಶೇಕಡಾ 25, ಸಮಯಕ್ಕೆ ಪಾಸಾದವರಿಗೆ ಶೇಕಡಾ 15, ಪಿಎಚ್.ಡಿ. ಪಡೆದವರ ಸಂಖ್ಯೆಗೆ ಶೇಕಡಾ 20. ಲೆಕ್ಕ ಹಾಕಿದರೆ ಕೆಲಸ ಮತ್ತು ಸಂಬಳ ಸೇರಿ ನೂರಕ್ಕೆ 13 ಅಂಕ, ಪಿಎಚ್.ಡಿ.ಗೆ 4 ಅಂಕ. ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಇದೇ ಪಿಎಚ್.ಡಿ.ಗೆ ಶೇಕಡಾ 40, ಅಂದರೆ 8 ಅಂಕ. ಕಾಶಿಯ ಒಂದೇ ಆವರಣದ ಎರಡು ಸಂಸ್ಥೆಗಳನ್ನು ಅಳೆಯುವ ಗಜಕಡ್ಡಿಯೇ ಎರಡು ಬಗೆಯದು!

ಇಷ್ಟೇ ಅಲ್ಲ. ಆ ಪಿಎಚ್.ಡಿ. ಸಂಖ್ಯೆ ಇಡೀ ಸಂಸ್ಥೆಯದು. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಸಂಸ್ಕೃತ, ಆಯುರ್ವೇದ, ಸಂಗೀತಗಳಲ್ಲಿ ಡಾಕ್ಟರೇಟ್ ಪಡೆದವರೂ ಸೇರುತ್ತಾರೆ. ಐಐಟಿಯ ಲೆಕ್ಕದಲ್ಲಿ ಗಣಿಗಾರಿಕೆ, ಲೋಹಶಾಸ್ತ್ರದವರೂ ಸೇರುತ್ತಾರೆ. ಹಲವು ಅಂಗಡಿಗಳ ಮಾಲೀಕ ಎಲ್ಲವನ್ನೂ ಸೇರಿಸಿ ಒಂದೇ ಅಢಾವೆ ಪತ್ರಿಕೆ ತೋರಿಸಿದರೆ, ಅದರಲ್ಲಿ ಬಟ್ಟೆ ಅಂಗಡಿಯ ಲಾಭ ಎಷ್ಟು ಎಂದು ಹೇಳಲು ಬರುತ್ತದೆಯೇ? ಕಂಪ್ಯೂಟರ್ ವಿಜ್ಞಾನದ ಪಿಎಚ್.ಡಿ.ಗೆಂದೇ ಎನ್.ಐ.ಆರ್.ಎಫ್.ನಲ್ಲಿ ಪ್ರತ್ಯೇಕ ಪಟ್ಟಿ ಇಲ್ಲ. ಮತ್ತೊಂದು ಮಾತು. ಕಾಶಿಯ ಐಐಟಿ 2023ರಲ್ಲಿ 15ನೆಯದಾಗಿತ್ತು, 2024ರಲ್ಲಿ 10ನೆಯದಾಯಿತು. ಒಂದೇ ವರ್ಷದಲ್ಲಿ ಅಲ್ಲಿನ ಗುರುಗಳೆಲ್ಲ ಐದು ಮೆಟ್ಟಿಲು ಮೇಲಿನ ವಿದ್ವಾಂಸರಾದರೆಂದು ಅರ್ಥವಲ್ಲ. ಅಂಕಗಳು ಹತ್ತಿರ ಹತ್ತಿರ ಇರುವ ಕಡೆ ಸ್ವಲ್ಪ ಅಲುಗಾಡಿದರೂ ಸ್ಥಾನ ಹಾರುತ್ತದೆ.

ಹೊರದೇಶದವರ ಅಳತೆ

ಅಮೆರಿಕದಲ್ಲಿ ಪಿಎಚ್.ಡಿ.ಗೆಂದೇ ಪಟ್ಟಿಗಳಿವೆ, ಆದರೆ ಅವೂ ಒಂದೊಂದು ಒಂದೊಂದು ದಾರಿ. ಯು.ಎಸ್. ನ್ಯೂಸ್ ಪತ್ರಿಕೆಯವರು ಕಂಪ್ಯೂಟರ್ ವಿಭಾಗಗಳ ಹಿರಿಯರಿಗೇ ಪ್ರಶ್ನಾವಳಿ ಕಳಿಸಿ, ಇತರ ವಿಭಾಗಗಳಿಗೆ 1ರಿಂದ 5ರವರೆಗೆ ಅಂಕ ಹಾಕಿಸುತ್ತಾರೆ. ಅಂದರೆ ಅದು ಪೂರ್ತಿ ಹೆಸರುವಾಸಿಯ ಅಳತೆ. ಸಿ.ಎಸ್. ರ‍್ಯಾಂಕಿಂಗ್ಸ್ ಎಂಬ ಇನ್ನೊಂದು ಪಟ್ಟಿಯನ್ನು ಎಮೆರಿ ಬರ್ಗರ್ ಎಂಬ ಪ್ರಾಧ್ಯಾಪಕರು ಆರಂಭಿಸಿದರು. ಇದು ಅಭಿಪ್ರಾಯ ಕೇಳುವುದೇ ಇಲ್ಲ. ಆಯ್ದ ದೊಡ್ಡ ಸಮ್ಮೇಳನಗಳಲ್ಲಿ ಅಚ್ಚಾದ ಪ್ರಬಂಧಗಳನ್ನು ಎಣಿಸುತ್ತದೆ. ನಾಲ್ವರು ಸೇರಿ ಬರೆದ ಪ್ರಬಂಧವಾದರೆ ತಲಾ ಕಾಲು ಪಾಲು, ನಮ್ಮ ಪಾಲುದಾರಿಕೆ ವ್ಯಾಪಾರದ ಲಾಭ ಹಂಚಿಕೆಯಂತೆ. ಬೇಕಾದ ಶಾಖೆಯನ್ನು ಮಾತ್ರ ಆರಿಸಿ ನೋಡುವ ಅನುಕೂಲವೂ ಅದರಲ್ಲಿದೆ. ಆದರೆ ಅಲ್ಲಿ ಕಾಣುವುದು ಅಧ್ಯಾಪಕರ ಪ್ರಬಂಧಗಳು. ಶಿಷ್ಯರ ಕಷ್ಟಸುಖ ಕಾಣುವುದಿಲ್ಲ.

ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ 2010ರಲ್ಲಿ ಒಂದು ಪ್ರಾಮಾಣಿಕ ಕೆಲಸ ಮಾಡಿತು. ಒಂದು ವಿಭಾಗಕ್ಕೆ ಒಂದೇ ಸಂಖ್ಯೆ ಕೊಡದೆ, ಇಂತಿಷ್ಟರಿಂದ ಇಂತಿಷ್ಟರ ನಡುವೆ ಎಂದು ಅಂತರ ಕೊಟ್ಟಿತು. ಮೊದಲನೆಯದು ಯಾವುದು ಎಂದು ಕಾದವರಿಗೆ ನಿರಾಶೆಯಾಗಿರಬೇಕು. ಲೆಕ್ಕ ಬಲ್ಲವರಿಗೆ ಅದೇ ಸರಿಯಾದ ಉತ್ತರ.

ಪಟ್ಟಿಯಲ್ಲಿಲ್ಲದ ಕಲಮುಗಳು

ಮೊದಲನೆಯದು ಮಾರ್ಗದರ್ಶಕರು. ಬಿ.ಕಾಂ.ಗೆ ನಲವತ್ತು ಜನ ಪಾಠ ಹೇಳಬಹುದು, ಪಿಎಚ್.ಡಿ.ಗೆ ಒಬ್ಬರೇ ಗೈಡು. ಯುಜಿಸಿಯ 2022ರ ನಿಯಮದಂತೆ ಪ್ರಾಧ್ಯಾಪಕರೊಬ್ಬರು ಒಂದು ಕಾಲಕ್ಕೆ 8 ಜನರನ್ನು, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರನ್ನು ಮಾತ್ರ ತೆಗೆದುಕೊಳ್ಳಬಹುದು. ನಿಮಗೆ ಬೇಕಾದವರ ಹತ್ತಿರ ಜಾಗ ಇಲ್ಲದಿದ್ದರೆ ಒಂದನೇ ರ‍್ಯಾಂಕ್ ಇದ್ದು ಏನು ಪ್ರಯೋಜನ?

ಎರಡನೆಯದು ವಿಷಯ. ನಮ್ಮಲ್ಲೊಬ್ಬರಿಗೆ ಕನ್ನಡವನ್ನು ಕಂಪ್ಯೂಟರಿಗೆ ಕಲಿಸುವ ಆಸೆಯಿದೆ ಎಂದುಕೊಳ್ಳಿ. ಕಾಶಿಯ ಐಐಟಿಯ ಕಂಪ್ಯೂಟರ್ ವಿಭಾಗದಲ್ಲಿ ಭೋಜಪುರಿ, ಮಗಹಿ, ಮೈಥಿಲಿ ಭಾಷೆಗಳ ಪಠ್ಯ ಸಂಗ್ರಹಿಸಿ ಸಂಶೋಧನೆ ನಡೆಸಿದ್ದಾರೆ. ಅಂಥ ಗುರುಗಳ ಹತ್ತಿರ ಕಲಿತದ್ದು ಕನ್ನಡಕ್ಕೂ ಆಗಿಬರುತ್ತದೆ. ಇತ್ತ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಚ್ಚಾದ ಕನ್ನಡವನ್ನು ಯಂತ್ರದಿಂದ ಓದಿಸುವ ಕೆಲಸ ನಡೆದದ್ದು ವಿದ್ಯುತ್ ಇಂಜಿನಿಯರಿಂಗ್ ವಿಭಾಗದಲ್ಲಿ! ಕಂಪ್ಯೂಟರ್ ವಿಭಾಗಗಳ ಪಟ್ಟಿಯನ್ನೇ ಹಿಡಿದು ಕೂತವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ.

ಮೂರನೆಯದು ದುಡ್ಡು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ 2023ರ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದಿನ ಮೂರು ವರ್ಷ 42,000. ಐದು ವರ್ಷಕ್ಕೆ 24 ಲಕ್ಷ, ಮನೆಬಾಡಿಗೆ ಭತ್ಯೆ ಬೇರೆ. 2018ರಲ್ಲಿ ಘೋಷಿಸಿದ ಪ್ರಧಾನಮಂತ್ರಿ ಸಂಶೋಧನಾ ವೇತನಕ್ಕೆ ಗೊತ್ತುಮಾಡಿದ್ದು ಮೊದಲ ಎರಡು ವರ್ಷ 70,000, ಮೂರನೇ ವರ್ಷ 75,000, ಕೊನೆಯ ಎರಡು ವರ್ಷ 80,000. ಐದು ವರ್ಷಕ್ಕೆ 45 ಲಕ್ಷ. ಒಂದೇ ಸಂಸ್ಥೆ, ಒಂದೇ ರ‍್ಯಾಂಕ್, ಅಕ್ಕಪಕ್ಕದ ಎರಡು ಮೇಜು, 21 ಲಕ್ಷ ವ್ಯತ್ಯಾಸ. ಮನೆಗೆ ದುಡ್ಡು ಕಳಿಸಬೇಕಾದವರಿಗೆ ಇದು ಸಣ್ಣ ಮಾತಲ್ಲ.

ನಾಲ್ಕನೆಯದು ಅರ್ಧಕ್ಕೆ ಬಿಟ್ಟುಹೋದವರು. ಪಟ್ಟಿ ಮುಗಿಸಿದವರನ್ನು ಎಣಿಸುತ್ತದೆ. ಬಿಟ್ಟವರಿಗೆ ಅದರಲ್ಲಿ ಕಲಮೇ ಇಲ್ಲ. ಬರೀ ಜಮಾ ಬರೆದು ಖರ್ಚು ಬರೆಯದ ಪುಸ್ತಕವನ್ನು ಯಾವ ಲೆಕ್ಕಪರಿಶೋಧಕ ಒಪ್ಪುತ್ತಾನೆ, ಹೇಳಿ?

ಮಾಡಬೇಕಾದ್ದು ಏನು?

ಪಟ್ಟಿಯನ್ನು ಸುಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ದೇಶದ ನೂರಾರು ಸಂಸ್ಥೆಗಳಲ್ಲಿ ಹತ್ತು-ಹದಿನೈದನ್ನು ಸೋಸಿಕೊಳ್ಳಲು ಅದು ಒಳ್ಳೆಯ ಜರಡಿ. ಆಮೇಲೆ ನಿಮ್ಮ ಸೂಚ್ಯಂಕವನ್ನು ನೀವೇ ಮಾಡಿ. ಒಂದು ಹಾಳೆಯಲ್ಲಿ ಗೆರೆ ಎಳೆದು ಗೈಡು, ವಿಷಯ, ವೇತನ, ಮುಗಿಸಲು ಹಿಡಿಯುವ ವರ್ಷ, ಊರು ಎಂದು ಐದು ಕಲಮು ಬರೆದು, ನೂರು ಅಂಕವನ್ನು ನಿಮ್ಮ ಅಗತ್ಯದಂತೆ ಹಂಚಿ. ನನ್ನನ್ನು ಕೇಳಿದರೆ ಗೈಡಿಗೇ 40 ಕೊಡುತ್ತೇನೆ. ಯುಜಿಸಿ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ ಇಟ್ಟಿದೆ. ನಿಮ್ಮ ಗೈಡಿನ ಶಿಷ್ಯರು ಮೂರರ ಹತ್ತಿರ ಮುಗಿಸುತ್ತಾರೋ ಆರರ ಹತ್ತಿರವೋ ಎಂಬುದು ಅಲ್ಲಿ ಈಗ ಓದುತ್ತಿರುವವರಿಗೇ ಗೊತ್ತು. ಅವರಿಗೆ ಒಂದು ಪತ್ರ ಹಾಕಿ, ಸಂಕೋಚ ಬೇಡ. ಇಂಗ್ಲಿಷ್ ಸ್ವಲ್ಪ ತಪ್ಪಿದರೂ ಪರವಾಗಿಲ್ಲ, ಪ್ರಶ್ನೆ ಸರಿಯಾಗಿದ್ದರೆ ಉತ್ತರ ಬರುತ್ತದೆ.

ಐಐಟಿ ಕಡೆಗೆ ಹೋಗುವವರು ಗೇಟ್ ಪರೀಕ್ಷೆಗೆ, ವಿಶ್ವವಿದ್ಯಾಲಯದ ಕಡೆಗೆ ಹೋಗುವವರು ನೆಟ್ ಪರೀಕ್ಷೆಗೆ ಈಗಿನಿಂದಲೇ ಓದಲು ಹತ್ತಿ. ಹಾಳೆ ತುಂಬಿಸಿಕೊಂಡು ಬಂದರೆ ಕೂಡಿಸಿ ಕಳೆಯುವ ಕೆಲಸಕ್ಕೆ ಕಾಮರ್ಸಿನವರು ನಾವಿದ್ದೇವೆ.