ಕಡಿಮೆ ಖರ್ಚಿನಲ್ಲಿ ಭೂತಾನ್

ಭೂತಾನ್ ವಿದೇಶಿ ಪ್ರವಾಸಿಗರಿಗೆ ಬಾಗಿಲು ತೆರೆದದ್ದು 1974ರಲ್ಲಿ. ಭಾರತೀಯರಿಗೆ ವೀಸಾ ಬೇಡ, ಪರವಾನಗಿ ಬೇಕು. ಅದಕ್ಕೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು, ಆಧಾರ್ ನಡೆಯುವುದಿಲ್ಲ.

ನಿಟ್ಟೆ, ಕಾರ್ಕಳದ ಕಡೆಯವರಿಗೆ ಅಗ್ಗದ ದಾರಿ ರೈಲು. ಕೋಲ್ಕತ್ತ ತಲುಪಿ, ಸಿಯಾಲ್ದಾದಿಂದ ಕಾಂಚನಕನ್ಯಾ ಎಕ್ಸ್‌ಪ್ರೆಸ್‌ನಲ್ಲಿ ಹಾಸಿಮಾರಾಕ್ಕೆ ಹೋದರೆ, ಜೈಗಾಂವ್ ಗಡಿ ಅಲ್ಲಿಂದ ಹತ್ತಿರ. ಗಡಿಯಾಚೆಯ ಊರು ಫುಂಟ್‌ಶೋಲಿಂಗ್.

ನಿಜವಾಗಿ ಕೈ ಕಚ್ಚುವುದು 2022ರಿಂದ ಜಾರಿಯಲ್ಲಿರುವ ಸುಸ್ಥಿರ ಅಭಿವೃದ್ಧಿ ಶುಲ್ಕ: ಒಬ್ಬರಿಗೆ ರಾತ್ರಿಯೊಂದಕ್ಕೆ 1,200 ರೂಪಾಯಿ. ನಾಲ್ವರು ದೊಡ್ಡವರು ಆರು ರಾತ್ರಿ ಉಳಿದರೆ ಊಟ, ವಸತಿ ಬಿಟ್ಟು ಇದಕ್ಕೇ 28,800 ರೂಪಾಯಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ, ಇನ್ನೂ ಚಿಕ್ಕವರಿಗೆ ಶುಲ್ಕವಿಲ್ಲ. ಹೀಗಾಗಿ ಹೋಟೆಲಿನಲ್ಲಿ ಚೌಕಾಸಿ ಮಾಡುವುದಕ್ಕಿಂತ ರಾತ್ರಿಗಳನ್ನು ಕಡಿಮೆ ಮಾಡುವುದೇ ಜಾಣತನ. ಹೊರಡುವ ಮುನ್ನ ಶುಲ್ಕದ ಈಗಿನ ದರವನ್ನೊಮ್ಮೆ ವಿಚಾರಿಸಿಕೊಳ್ಳಿ.