ರಸ್ತೆಯ ಅಗಲವೂ ಊರಿನ ಅಹವಾಲೂ

ಅರಬ್ಬೀ ಸಮುದ್ರದ ದಡದ ಹೊನ್ನಾವರದಿಂದ ಹೊರಟು, ಶಿವಮೊಗ್ಗ, ಬಾಣಾವರ, ಶಿರಾ, ಮಧುಗಿರಿಗಳನ್ನು ದಾಟಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಒಂದೇ ದಾರದಲ್ಲಿ ಪೋಣಿಸಿ, ಮುಳಬಾಗಿಲಿನ ಮೇಲೆ ಹಾದು ಆಂಧ್ರದ ಚಿತ್ತೂರನ್ನು ಸೇರುವ ಹೆದ್ದಾರಿಯೊಂದುಂಟು. ಅದಕ್ಕೆ ರಾಷ್ಟ್ರೀಯ ಹೆದ್ದಾರಿ 69 ಎಂದು ಹೆಸರು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆಗಳನ್ನು ಕೊಟ್ಟಾಗ, ಉತ್ತರ ದಕ್ಷಿಣವಾಗಿ ಸಾಗುವವಕ್ಕೆ ಸಮಸಂಖ್ಯೆ, ಪೂರ್ವ ಪಶ್ಚಿಮವಾಗಿ ಸಾಗುವವಕ್ಕೆ ಬೆಸಸಂಖ್ಯೆ ಎಂದು ನಿಯಮ ಮಾಡಿದರು. ಅದರಂತೆ ಚಿಕ್ಕಬಳ್ಳಾಪುರದಲ್ಲಿ ಇದನ್ನು ಅಡ್ಡಹಾಯುವ ಬೆಂಗಳೂರು–ಹೈದರಾಬಾದು ಹೆದ್ದಾರಿಗೆ 44, ಇದಕ್ಕೆ 69. ನಮ್ಮ ಸೀಮೆಯ ಹಳಬರು ಇದನ್ನು ಈಗಲೂ 234 ಎನ್ನುವುದುಂಟು.

ಇಂಥ ದಾರಿಯ ಮೇಲೆ ಕುಳಿತ ಊರುಗಳಲ್ಲಿ ರಸ್ತೆಯನ್ನು ಅಗಲಗೊಳಿಸುವ ಅಥವಾ ಮುಂದಕ್ಕೆ ಬೆಳೆಸುವ ಮಾತು ಆಗಾಗ ಏಳುವುದು ಸಹಜ. ಮಾತು ಎದ್ದೊಡನೆ ಊರು ಎರಡು ಪಾಲಾಗುತ್ತದೆ. ಗೋಡೆಯ ಮೇಲೆ ಕೆಂಪು ಗುರುತು ಬಿದ್ದವರದು ಒಂದು ಪಾಲು, ಬೀಳದವರದು ಇನ್ನೊಂದು. ಅಹವಾಲಿನ ದಿನ ಒಬ್ಬರು ಅಂಗಡಿಯ ಮಾತನ್ನೂ, ಮತ್ತೊಬ್ಬರು ಮರದ ಮಾತನ್ನೂ, ಮೂರನೆಯವರು ಮೋರಿಯ ಮಾತನ್ನೂ ಆಡುತ್ತಾರೆ. ಇಂಜಿನಿಯರರ ಬಳಿ ಲೆಕ್ಕವಿದೆ, ಜನರ ಬಳಿ ದುಃಖ ಮಾತ್ರ ಇದೆ ಎಂದು ಹೊರಗಿನಿಂದ ನೋಡಿದವರಿಗೆ ತೋರಬಹುದು. ಈ ಎಣಿಕೆ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಜನ ಹೇಳುವ ದೂರುಗಳಲ್ಲಿ ಬಹುಪಾಲು ಅಳೆಯಬಹುದಾದವು. ಅಳೆದು ಹೇಳಿದರೆ ಅವು ಇಂಜಿನಿಯರರ ಪುಸ್ತಕದಲ್ಲಿಯೇ ಜಾಗ ಪಡೆಯುತ್ತವೆ. ಹೇಗೆಂಬುದನ್ನು ನೋಡೋಣ.

ಮೊದಲು ಅಗಲದ ವಿಚಾರ. "ರಸ್ತೆ ಎಷ್ಟು ಅಗಲ?" ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ವಾಹನಗಳು ಓಡುವ ಡಾಮರಿನ ಪಟ್ಟಿಯ ಅಗಲ ಒಂದು. ಎರಡು ಸಾಲಿನ ಹೆದ್ದಾರಿಯಲ್ಲಿ ಅದು ಸಾಮಾನ್ಯವಾಗಿ 7 ಮೀಟರು. ಅದರ ಇಕ್ಕೆಲದ ಮಣ್ಣಿನ ಅಂಚು, ಚರಂಡಿ, ಕಾಲುದಾರಿ ಎಲ್ಲವನ್ನೂ ಸೇರಿಸಿ ರಸ್ತೆಗೆಂದು ಮೀಸಲಿಟ್ಟ ನೆಲದ ಅಗಲ ಇನ್ನೊಂದು. 1934ರಲ್ಲಿ ಸ್ಥಾಪಿತವಾಗಿ, ನಮ್ಮ ದೇಶದ ರಸ್ತೆಗಳ ಅಳತೆಗಳನ್ನು ಗೊತ್ತುಮಾಡುತ್ತ ಬಂದಿರುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಹಳೆಯ ಮಾನದಂಡದಲ್ಲಿ, ಬಯಲುನಾಡಿನ ರಾಷ್ಟ್ರೀಯ ಹೆದ್ದಾರಿಗೆ ಊರಾಚೆ ಸಾಧಾರಣವಾಗಿ 45 ಮೀಟರು, ಮನೆಗಳು ಕಿಕ್ಕಿರಿದ ಕಡೆ 30 ಮೀಟರು ನೆಲ ಇರಬೇಕೆಂದಿದೆ. ಪತ್ರಿಕೆಯಲ್ಲಿ 30 ಎಂದು ಓದಿದವನು ಅಷ್ಟೂ ಡಾಮರೇ ಎಂದು ಗಾಬರಿಯಾಗುತ್ತಾನೆ. ಬರಿಯ 7 ಮೀಟರಿನ ಕೆಲಸವೆಂದು ಕೇಳಿದವನು ತನ್ನ ಜಗುಲಿ ಉಳಿಯಿತೆಂದು ನೆಮ್ಮದಿಯಾಗಿರುತ್ತಾನೆ. ಇಬ್ಬರೂ ಮೋಸಹೋಗುತ್ತಾರೆ. ಆದುದರಿಂದ ಅಹವಾಲಿನಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ ಎಷ್ಟು ಎಂಬುದಲ್ಲ. ಯಾವ ಅಗಲ, ರಸ್ತೆಯ ನಡುಗೆರೆಯಿಂದ ಯಾವ ಬದಿಗೆ ಎಷ್ಟು ಎಂಬುದು.

ಈ ಅಗಲ ಬೇಕೆಂದು ನಿರ್ಧರಿಸುವುದು ಎಣಿಕೆಯಿಂದ. ರಸ್ತೆಯ ಪಕ್ಕದಲ್ಲಿ ಕುಳಿತು ಹಗಲೂ ಇರುಳೂ ಏಳು ದಿನ ಹಾದುಹೋಗುವ ವಾಹನಗಳನ್ನು ಎಣಿಸುತ್ತಾರೆ. ಸುಗ್ಗಿಯ ಕಾಲದಲ್ಲೊಮ್ಮೆ, ಬಿಡುವಿನ ಕಾಲದಲ್ಲೊಮ್ಮೆ ಎಣಿಸಬೇಕೆಂಬುದು ಪದ್ಧತಿ. ಆದರೆ ಲಾರಿಯೂ ಸೈಕಲ್ಲೂ ಒಂದೇ ಅಲ್ಲವಷ್ಟೆ? ಅದಕ್ಕಾಗಿ ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ಇಳಿಸುತ್ತಾರೆ. ಕಾರು 1 ಆದರೆ ಮೋಟಾರು ಸೈಕಲ್ಲು ಅರ್ಧ, ಬಸ್ಸು ಅಥವಾ ಲಾರಿ 3, ಟ್ರೇಲರು ಕಟ್ಟಿದ ಟ್ರಾಕ್ಟರು ನಾಲ್ಕೂವರೆ, ದೊಡ್ಡ ಎತ್ತಿನ ಗಾಡಿ 8. ಎತ್ತುಗಳಿಗೆ ಇಷ್ಟೊಂದು ಮಾನವೇಕೆಂದು ವಾಚಕರು ಆಶ್ಚರ್ಯಪಡಬಹುದು. ಗಾಡಿ ಮೆಲ್ಲಗೆ ಸಾಗಿ ಹಿಂದಿನವರನ್ನೆಲ್ಲ ತಡೆಯುವುದರಿಂದ, ಅದು ನುಂಗುವ ರಸ್ತೆಯ ಪಾಲು ಎಂಟು ಕಾರುಗಳಷ್ಟೆಂದು ಲೆಕ್ಕ. ಹೀಗೆ ಕೂಡಿಸಿದ ಮೊತ್ತ ದಿನಕ್ಕೆ ಸುಮಾರು 15,000 ಮುಟ್ಟಿದರೆ, ಬಯಲಿನ ಎರಡು ಸಾಲಿನ ರಸ್ತೆ ತುಂಬಿತೆಂದು ತಿಳಿಯುತ್ತಾರೆ.

ಪಟ್ಟಿ ಚೊಕ್ಕವಾಗಿದೆ. ಆದರೆ ಅದರಲ್ಲಿ ಕಾಲ್ನಡೆಯವನಿಗೆ ಸಂಖ್ಯೆಯೇ ಇಲ್ಲ! ರಸ್ತೆಯ ಉದ್ದಕ್ಕೆ ಹೋಗುವವರ ಲೆಕ್ಕ ಸಿಕ್ಕುತ್ತದೆ, ಅಡ್ಡಕ್ಕೆ ದಾಟುವವರ ಲೆಕ್ಕ ಸಿಕ್ಕುವುದಿಲ್ಲ. ಪೇಟೆಯ ಜೀವನವಾದರೋ ಹೆಚ್ಚಾಗಿ ಅಡ್ಡ ದಾಟುವುದರಲ್ಲಿಯೇ ಇರುತ್ತದೆ. ಶಿಡ್ಲಘಟ್ಟದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ರೇಷ್ಮೆಹುಳು ಗೂಡು ಕಟ್ಟಲು ತೊಡಗಿದ ಸುಮಾರು ಹತ್ತು ಹನ್ನೆರಡು ದಿನಗಳಲ್ಲಿ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬೀಳುತ್ತದೆ. ತೂತಾದ ಗೂಡಿನಿಂದ ಒಂದೇ ಎಳೆಯ ನೂಲು ಬಿಚ್ಚಲು ಬಾರದು. ಆದಕಾರಣ ರೈತ ಚಂದ್ರಿಕೆಯಿಂದ ಗೂಡು ಬಿಡಿಸಿದೊಡನೆ ಮಾರುಕಟ್ಟೆಗೆ ಓಡಬೇಕು. ತಡವಾದಷ್ಟೂ ಗೂಡಿನ ತೇವ ಆರಿ ತೂಕ ಇಳಿಯುತ್ತದೆ, ತೂಕದೊಡನೆ ಹಣವೂ ಇಳಿಯುತ್ತದೆ. ಹೀಗಿರುವಲ್ಲಿ ಬೆಳಗಿನ ಹರಾಜಿನ ಹೊತ್ತಿನ ಜನಸಂದಣಿಯೂ, ಮಧ್ಯಾಹ್ನ ಮೂರರ ಸಂದಣಿಯೂ ಒಂದೇ ಅಲ್ಲ. ಚಿಂತಾಮಣಿಯ ಟೊಮೇಟೊ ಮಾರುಕಟ್ಟೆಗೂ ಇದೇ ಮಾತು ಹೊಂದುತ್ತದೆ. ದಿನದ ಸರಾಸರಿಯಲ್ಲಿ ಈ ಒಂದೆರಡು ಗಂಟೆಗಳ ಇಕ್ಕಟ್ಟು ಕರಗಿಹೋಗುತ್ತದೆ. ಅದನ್ನು ಕಂಡವರು ಎದ್ದು ನಿಂತು ಹೇಳಬೇಕು.

ಹೇಳುವುದಕ್ಕೆ ಸುಲಭವಾದ ಸೂತ್ರವೊಂದುಂಟು. ಒಂದು ಗಂಟೆಯಲ್ಲಿ ರಸ್ತೆ ದಾಟುವ ಜನರ ಸಂಖ್ಯೆಯನ್ನು, ಅದೇ ಗಂಟೆಯಲ್ಲಿ ಹಾಯುವ ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ದಟ್ಟಣೆಯ ಗಂಟೆಗಳಲ್ಲಿ ಗುಣಲಬ್ಧ ಹತ್ತು ಕೋಟಿಯನ್ನು ಮೀರಿದರೆ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಪಾದಚಾರಿಗಳಿಗೆ ಪ್ರತ್ಯೇಕವಾದ ದಾಟುಪಟ್ಟಿ ಬೇಕೆಂದು ರೋಡ್ಸ್ ಕಾಂಗ್ರೆಸ್ಸೇ ಹೇಳಿದೆ. ವಿಭಜಕವಿದ್ದರೆ ಇಪ್ಪತ್ತು ಕೋಟಿ. ಶಾಲೆಯ ಮುಂದೆ ಗಂಟೆಗೆ 200 ಮಂದಿ ದಾಟುತ್ತಾರೆ, 800 ವಾಹನಗಳು ಹಾಯುತ್ತವೆ ಎನ್ನಿ. 800ರ ವರ್ಗ 6,40,000. ಅದನ್ನು 200ರಿಂದ ಗುಣಿಸಿದರೆ 12 ಕೋಟಿ 80 ಲಕ್ಷ. ಮಿತಿ ಮೀರಿತು. ಪ್ರೌಢಶಾಲೆಯ ನಾಲ್ವರು ಹುಡುಗರು ಒಂದು ನೋಟ್‌ಬುಕ್ಕು ಹಿಡಿದು ಒಂದು ಬೆಳಗ್ಗೆ ಕುಳಿತರೆ ಮುಗಿಯುವ ಕೆಲಸವಿದು. "ನಮ್ಮ ಮಕ್ಕಳಿಗೆ ತೊಂದರೆಯಾಗುತ್ತದೆ" ಎಂಬ ಅರ್ಜಿಗೂ ಈ ಲೆಕ್ಕವನ್ನು ಲಗತ್ತಿಸಿದ ಅರ್ಜಿಗೂ ಎಷ್ಟು ಅಂತರ!

ಮಕ್ಕಳ ತೊಂದರೆಯಾದರೂ ಕಲ್ಪನೆಯದಲ್ಲ. ಅಗಲವಾದ ರಸ್ತೆಯಲ್ಲಿ ವೇಗ ತಾನಾಗಿ ಏರುತ್ತದೆ. ಅಡ್ಡಬಂದುದನ್ನು ಕಂಡು ಬ್ರೇಕು ಒತ್ತುವುದಕ್ಕೆ ಚಾಲಕನಿಗೆ ಎರಡೂವರೆ ಸೆಕೆಂಡು ಹಿಡಿಯುತ್ತದೆಂದು ಇಂಜಿನಿಯರರು ಎಣಿಸುತ್ತಾರೆ. ಅಷ್ಟರಲ್ಲಿ ಗಾಡಿ ಓಡುತ್ತಲೇ ಇರುತ್ತದೆ. ಬ್ರೇಕು ಒತ್ತಿದ ಮೇಲೆ ಉರುಳುವ ದೂರ ವೇಗದ ವರ್ಗದಂತೆ ಬೆಳೆಯುತ್ತದೆ. ಎರಡನ್ನೂ ಕೂಡಿಸಿದರೆ, ಗಂಟೆಗೆ 30 ಕಿಲೋಮೀಟರು ವೇಗದ ವಾಹನ ನಿಲ್ಲಲು ಸುಮಾರು 30 ಮೀಟರು ಬೇಕು. 60 ಕಿಲೋಮೀಟರು ವೇಗದ್ದಕ್ಕೆ ಸುಮಾರು 80 ಮೀಟರು. ವೇಗ ಎರಡರಷ್ಟಾದರೆ ದೂರ ಎರಡೂವರೆಗಿಂತಲೂ ಹೆಚ್ಚು. ಇತ್ತ ದಾಟುವವನು ನಡೆಯಬೇಕಾದ ದೂರವೂ ಅಗಲದೊಡನೆ ಬೆಳೆದಿರುತ್ತದೆ. ಸೆಕೆಂಡಿಗೆ ಒಂದು ಮೀಟರು ನಡೆಯುವ ಮುದುಕಿ 7 ಮೀಟರನ್ನು ಏಳು ಸೆಕೆಂಡಿನಲ್ಲಿ ದಾಟಿದರೆ 14 ಮೀಟರಿಗೆ ಹದಿನಾಲ್ಕು ಸೆಕೆಂಡು ಬೇಕು. ನಡುವೆ ನಿಂತು ಉಸಿರಾಡಲು ಒಂದು ಕಟ್ಟೆ ಇದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ. ಅದನ್ನು ನಕ್ಷೆಯ ಮೇಲೆ ಬರೆಯಲು ಖರ್ಚಿಲ್ಲ. ರಸ್ತೆ ಮುಗಿದ ಮೇಲೆ ಕಟ್ಟಲು ಖರ್ಚುಂಟು.

ಅದುರಿನ ದೂರೂ ಹೀಗೆಯೇ. ಚಕ್ರ ಗೋಡೆಗೆ ಹತ್ತಿರವಾದಷ್ಟೂ ಮಣ್ಣಿನ ಗೋಡೆಯ ಮನೆ ಹೆಚ್ಚು ಅದುರುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಂತೂ ಇನ್ನೂ ಹೆಚ್ಚು. ಗೌರಿಬಿದನೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗಿನ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದವರ ಕಂಪನಮಾಪಕಗಳು 1965ರಿಂದ ಅಲ್ಲಿನ ಬಂಡೆಯ ಮೇಲೆ ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ ಸಾಲಾಗಿ ಕುಳಿತು, ದೂರದೇಶದ ಭೂಕಂಪಗಳನ್ನೂ ನೆಲದೊಳಗಿನ ಸ್ಫೋಟಗಳನ್ನೂ ಆಲಿಸುತ್ತಿವೆ. ದೂರದ ಅಲೆ ಎಲ್ಲ ಮಾಪಕಗಳನ್ನೂ ಕ್ರಮವಾಗಿ ಮುಟ್ಟುತ್ತದೆ; ಪಕ್ಕದ ಲಾರಿಯ ಅದುರು ಹತ್ತಿರದ ಒಂದೆರಡನ್ನು ಮಾತ್ರ ಮುಟ್ಟಿ ಅಡಗುತ್ತದೆ. ಎಲ್ಲದರ ದಾಖಲೆಗಳನ್ನೂ ಹೊಂದಿಸಿ ಕೂಡಿಸಿದರೆ ಲಾರಿ ಮರೆಯಾಗಿ ಭೂಕಂಪ ಉಳಿಯುತ್ತದೆ. ವಿಜ್ಞಾನಿಗೆ ಇದು ಅನುಕೂಲ. ರಸ್ತೆಬದಿಯ ಮನೆಯವನಿಗೆ ಮಾತ್ರ ಲಾರಿಯೇ ಭೂಕಂಪ.

ಇನ್ನು ನೀರು. ನಮ್ಮ ನೋಟದಲ್ಲಿ ಈ ಸೀಮೆಯ ರಸ್ತೆಗಳಿಗೆ ಇದಕ್ಕಿಂತ ಮುಖ್ಯವಾದ ವಿಷಯವಿಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿಗಳು ಹುಟ್ಟುತ್ತವೆ. ಆದರೂ ವರ್ಷವಿಡೀ ಹರಿಯುವ ಹೊಳೆ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೂ ಇಲ್ಲ. ಬಿದ್ದ ಮಳೆಯನ್ನು ಹಿಡಿದಿಡಲು ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ಹರಿದರೆ ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆಗೆ ಸೇರುತ್ತದೆ. ರಸ್ತೆ ಈ ಸರಪಳಿಯನ್ನು ಹಲವು ಕಡೆ ಅಡ್ಡಗಟ್ಟುತ್ತದೆ, ಕೆಲವು ಕಡೆ ಕೆರೆಯ ಏರಿಯನ್ನೇ ಏರಿ ಹೋಗುತ್ತದೆ. ರಸ್ತೆಯ ಮಣ್ಣುದಿಬ್ಬದ ಕೆಳಗೆ ಮೋರಿಯನ್ನು ಕಾಲುವೆಯ ತಳಕ್ಕಿಂತ ಒಂದು ಅಡಿ ಮೇಲಿಟ್ಟರೆ, ಆ ಒಂದು ಅಡಿಯ ನೀರು ಕೆಳಗಿನ ಕೆರೆಗೆ ಎಂದಿಗೂ ಹೋಗದು. ಮೇಲಿನ ಹೊಲದಲ್ಲಿ ನಿಂತು ಬೆಳೆಯನ್ನು ಕೊಳೆಸುತ್ತದೆ. ಮೋರಿ ಕಿರಿದಾದರೆ ದೊಡ್ಡ ಮಳೆಯಲ್ಲಿ ರಸ್ತೆಯೇ ಒಡ್ಡಾಗಿ, ಕೊನೆಗೆ ಒಡೆದು ಹೋಗುತ್ತದೆ.

ಇಲ್ಲಿ ಇಂಜಿನಿಯರರಿಗೆ ಒಂದು ಕಷ್ಟವಿದೆ. ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಳೆಯ ನಾಡಿನಲ್ಲಿ ಅನೇಕ ಕಾಲುವೆಗಳು ವರ್ಷಗಟ್ಟಲೆ ಒಣಗಿಯೇ ಇರುತ್ತವೆ. ಅಳತೆಗೆ ಬಂದವರು ಬೇಸಿಗೆಯಲ್ಲಿ ಬಂದರೆ ಕಾಣುವುದು ಜಾಲಿಗಿಡ ಬೆಳೆದ ತಗ್ಗು ಮಾತ್ರ. ಇಂಥ ಸಣ್ಣ ಕಾಲುವೆಗಳಲ್ಲಿ ನೀರಿನ ಮಟ್ಟ ಬರೆದಿಡುವವರು ಯಾರು? 2021ರ ನವೆಂಬರಿನ ಭಾರಿ ಮಳೆಗೆ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಕೆರೆಗಳು ಬಹುಕಾಲದ ಮೇಲೆ ತುಂಬಿ ಕೋಡಿ ಹರಿದುವು. ಆಗ ನೀರು ಯಾವ ಕಂಬದ ತನಕ ನಿಂತಿತ್ತು, ಯಾವ ಮನೆಯ ಮೆಟ್ಟಿಲು ಮುಳುಗಿತ್ತು ಎಂಬುದು ಅಲ್ಲಿನ ರೈತರಿಗೆ ಗೊತ್ತು. ಪ್ರವಾಹದ ಗುರುತನ್ನು ಸ್ಥಳೀಯರಿಂದ ವಿಚಾರಿಸಿ ತಿಳಿಯಬೇಕೆಂಬುದು ಸೇತುವೆ ಕಟ್ಟುವ ಶಾಸ್ತ್ರದಲ್ಲಿಯೇ ಇರುವ ಮಾತು. ಅಹವಾಲಿನಲ್ಲಿ ಆ ರೈತ ನಿಂತು ಕಂಬವನ್ನು ತೋರಿಸಿದರೆ ಮೋರಿಯ ಅಳತೆ ಸರಿಯಾಗುತ್ತದೆ.

ಹಳೆಯ ದಾರಿಗಳ ಬದಿಯ ಹುಣಿಸೆಮರಗಳ ಬಗ್ಗೆ ಹೇಳುವುದಾದರೆ, ಒಂದನ್ನು ಕಡಿದರೆ ಹತ್ತು ಸಸಿ ನೆಡುತ್ತೇವೆಂಬ ಮಾತು ಎಲ್ಲೆಡೆಯೂ ಕೇಳಿಬರುತ್ತದೆ. ಲೆಕ್ಕ ಹಾಕೋಣ. 12 ಮೀಟರು ಅಡ್ಡಳತೆಯ ಹಂದರವುಳ್ಳ ಮರದ ನೆರಳು ಸುಮಾರು 113 ಚದರ ಮೀಟರು. ಒಂದು ಮೀಟರು ಅಡ್ಡಳತೆಯ ಸಸಿಯದು ಒಂದು ಚದರ ಮೀಟರಿಗೂ ಕಡಿಮೆ. ಹತ್ತು ಸಸಿಗಳಿಗೆ ಎಂಟು. ಅವೆಲ್ಲ ಬದುಕಿದರೂ ಒಂದು ತಲೆಮಾರು ಕಾಯಬೇಕು. ಬೇಸಿಗೆಯ ನಡುಹಗಲಿನಲ್ಲಿ ಬಿಸಿಲು ಬಿದ್ದ ಡಾಮರು 60 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುವುದುಂಟು. ಹಾಗೆಂದು ಎಲ್ಲ ಮರಗಳನ್ನೂ ಉಳಿಸಲಾಗದು. ರಸ್ತೆಯನ್ನು ಒಂದೇ ಬದಿಗೆ ಅಗಲಿಸಿದರೆ ಮತ್ತೊಂದು ಬದಿಯ ಸಾಲಾದರೂ ಉಳಿದೀತೇ ಎಂದು ಕೇಳಬಹುದು. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯಿದೆ ಈಗಿರುವ ರೂಪದಲ್ಲಿ, 50ಕ್ಕಿಂತ ಹೆಚ್ಚು ಮರ ಕಡಿಯುವ ಮುನ್ನ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯಬೇಕೆನ್ನುತ್ತದೆ. ಮರವನ್ನು ಎಣಿಸುವುದೂ ಸಣ್ಣ ಕೆಲಸವಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯ ಯೋಜನೆಯಲ್ಲಿ ಮೊದಲು 200ರಿಂದ 500 ಮರಗಳೆಂದಿದ್ದುದು ಆಮೇಲೆ 16,000ಕ್ಕೂ ಮೇಲಾಯಿತು. ಈ ವಿರೋಧವನ್ನೂ ಇತರ ಲೋಪಗಳನ್ನೂ ಕಂಡ ಸುಪ್ರೀಂ ಕೋರ್ಟು, 2020ರ ಮಾರ್ಚಿನಲ್ಲಿ ಪರಿಸರ ಪರಿಣಾಮದ ಅಧ್ಯಯನವನ್ನು ಹೊಸದಾಗಿ ನಡೆಸಬೇಕೆಂದು ಆಜ್ಞಾಪಿಸಿತು. ಹೊಸ ಎಣಿಕೆಯಲ್ಲಿ ಮರಗಳು 33,000 ದಾಟಿದುವು.

ಅಲ್ಲಿ ನಡೆದಂಥ ಪರಿಸರದ ಬಹಿರಂಗ ವಿಚಾರಣೆ ನಮ್ಮ ಊರಿನಲ್ಲಿಯೂ ನಡೆಯುತ್ತದೆಂದು ಕಾದು ಕೂಡಬಾರದು. 2006ರ ಪರಿಸರ ಅಧಿಸೂಚನೆಯ ಮೇರೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸುವ ಆ ವಿಚಾರಣೆ ದೊಡ್ಡ ಯೋಜನೆಗಳಿಗೆ ಮೀಸಲು. 2013ರ ತಿದ್ದುಪಡಿಯಾದ ಮೇಲೆ, ಇರುವ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆ 100 ಕಿಲೋಮೀಟರಿಗಿಂತ ಉದ್ದವಾಗಿ, ಹೆಚ್ಚಿಗೆ ಬೇಕಾಗುವ ನೆಲ 40 ಮೀಟರಿಗಿಂತ ಅಗಲವಾಗಿದ್ದರೆ ಮಾತ್ರ ಅದರ ಮಾತು ಬರುತ್ತದೆ. ಒಂದು ಊರಿನ ಪೇಟೆಯ ರಸ್ತೆ ಈ ಮಿತಿಯೊಳಗೆ ಸಾಮಾನ್ಯವಾಗಿ ಬಾರದು. ಪೇಟೆಯವರಿಗೆ ಉಳಿಯುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ ವಿಚಾರಣೆ. ನೆಲ ಬೇಕೆಂಬ ಅಧಿಸೂಚನೆ ಹೊರಟ ಮೇಲೆ, ಆ ನೆಲದಲ್ಲಿ ಹಕ್ಕುಳ್ಳವರು ಕಾರಣಸಹಿತವಾದ ಲಿಖಿತ ಆಕ್ಷೇಪಣೆಯನ್ನು ಸಕ್ಷಮ ಪ್ರಾಧಿಕಾರಿಗೆ ಸಲ್ಲಿಸಬಹುದು; ಪ್ರಾಧಿಕಾರಿ ಅವರನ್ನಾಗಲಿ ಅವರ ವಕೀಲರನ್ನಾಗಲಿ ಕರೆದು ಕೇಳಲೇಬೇಕು. ಇದಕ್ಕೆ ಕೊಟ್ಟಿರುವ ಅವಧಿ 21 ದಿನ. ಅಧಿಸೂಚನೆಯ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಅವುಗಳಲ್ಲಿ ಒಂದು ದೇಶಭಾಷೆಯದಾಗಿರಬೇಕು. ಆದರೆ 21 ದಿನಗಳ ಎಣಿಕೆ ಮನೆಯ ಗೋಡೆಗೆ ಕೆಂಪು ಗುರುತು ಬಿದ್ದ ದಿನದಿಂದಲ್ಲ, ಅಧಿಸೂಚನೆ ಗೆಜೆಟ್ಟಿನಲ್ಲಿ ಅಚ್ಚಾದ ದಿನದಿಂದ.